ಹನ್ನೊಂದನೇ ನಂಬರ್

“ಬಾಯಿ ಮುಚ್ಕೊಂಡು ಕೂತ್ಕೋ. ಸ್ಲೇಟು ಎಲ್ಲಾದ್ರೂ ಮಾತಾಡುತ್ತಾ?”

ದೊಡ್ಡ ಮೇಡಂ ಹಾಗೆಂದಾಗ ಹದಿನಾಲ್ಕು ಹುಡುಗಿಯರು ಕಿಸಕ್ಕನೆ ನಕ್ಕರು. ಕುರ್ಚಿಯಲ್ಲಿ ಕೂತಿದ್ದವಳು ಮಾತಾಡಿಯೇ ಇರಲಿಲ್ಲ. ಸ್ಪಂಜು ಎಡಗೆನ್ನೆಗೆ ತಾಗಿದಾಗ ‘ಸ್ಸ್’ ಎಂದಿದ್ದಳು, ಅಷ್ಟೇ. ಕೆನ್ನೆಗೆ ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿಯುತ್ತಿತ್ತು.

ಅದು ಮೇಕಪ್ ಕಲಿಸುವ ಶಾಲೆ. ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಗೋಡೆ ತುಂಬಾ ಕನ್ನಡಿ, ಕನ್ನಡಿಯ ಸುತ್ತ ಬಲ್ಬು. ಬೆಳಿಗ್ಗೆ ಆರಕ್ಕೆ ಬಂದು ಗುಡಿಸಿ, ಒರೆಸಿ, ಎರಡು ಕಕ್ಕಸು ತೊಳೆದರೆ ಅವಳ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಒಂಬತ್ತಕ್ಕೆ ಶುರು. ಪೊರಕೆ ಮೂಲೆಗಿಟ್ಟು, ಕೈ ತೊಳೆದು, ನಡುವಿನ ಎತ್ತರದ ಕುರ್ಚಿ ಹತ್ತಿ ಕೂರಬೇಕು. ಆಮೇಲೆ ಅವಳ ಮುಖ ಅವಳದಲ್ಲ. ಹುಡುಗಿಯರು ಒಬ್ಬರಾದ ಮೇಲೊಬ್ಬರು ಹಚ್ಚುತ್ತಾರೆ, ಮೇಡಂ ಬಂದು ತಪ್ಪು ತೋರಿಸುತ್ತಾರೆ, ಸ್ಪಿರಿಟ್ಟಿನ ಹತ್ತಿಯಲ್ಲಿ ಗಸಗಸ ಒರೆಸಿ ಮುಂದಿನವಳಿಗೆ ಜಾಗ ಬಿಡುತ್ತಾರೆ. ದಿನಕ್ಕೆ ಐದು ಸಲ ಬರೆಯೋದು, ಐದು ಸಲ ಅಳಿಸೋದು. ಅದಕ್ಕೇ ಸ್ಲೇಟು. ಯಾವ ಬ್ಯಾಚಿನ ಹುಡುಗಿ ಇಟ್ಟ ಹೆಸರೋ, ಈಗ ಹಾಜರಿ ಪುಸ್ತಕದಲ್ಲೂ ಅದೇ ಇತ್ತು.

ಮೇಡಂ ಬ್ರಶ್ಶಿನ ಹಿಡಿಯಿಂದ ಅವಳ ಗಲ್ಲ ಎತ್ತಿದರು. “ನೋಡ್ಕೊಳ್ರೇ. ಎಣ್ಣೆ ಸ್ಕಿನ್ನು, ಮೇಲೆ ಕಲೆ ಬೇರೆ. ಬಣ್ಣ ಅಂತೂ ಕೇಳೋದೇ ಬೇಡ, ತವಾದ ತಳ. ಇವಳನ್ನ ಬೆಳ್ಳಗೆ ಮಾಡಿದ್ರೆ ನೀವು ಯಾರನ್ನ ಬೇಕಾದ್ರೂ ಮಾಡ್ತೀರ.”

ಕನ್ನಡಕದ ಹುಡುಗಿಯೊಬ್ಬಳು ಕೈ ಎತ್ತಿದಳು. “ಮೇಡಂ, ಅವರ ಬಣ್ಣಕ್ಕೆ ಹೊಂದೋದನ್ನೇ ಹಚ್ಚಬೇಕಲ್ವಾ? ದವಡೆ ಮೇಲೆ ಗೆರೆ ಎಳೀಬೇಕು, ಕಾಣದೆ ಹೋದ ಶೇಡೇ ನಮ್ಮ ಶೇಡು ಅಂತ ನೀವೇ ಹೇಳಿದ್ರಿ.”

“ಅದು ದುಡ್ಡು ಕೊಡೋ ಗಿರಾಕಿಗೆ ಕಣೇ. ಇವಳೇನು ಮದುವೆ ಹೆಣ್ಣಾ?”

ಮತ್ತೆ ನಗು.

ಆರು ವರ್ಷ ಕೂತು ಕೂತು ಸ್ಲೇಟಿಗೆ ಪಾಠವೆಲ್ಲ ಬಾಯಿಗೆ ಬಂದಿತ್ತು. ಎಣ್ಣೆ ಮುಖಕ್ಕೆ ನೀರಿನಂಥ ತೆಳು ಫೌಂಡೇಶನ್ನು, ಒಣ ಮುಖಕ್ಕೆ ಕೆನೆಯಂಥದ್ದು. ಬಲ್ಬಿನ ಬೆಳಕನ್ನು ನಂಬಬಾರದು, ಕಿಟಕಿ ಹತ್ತಿರ ಹೋಗಿ ನೋಡಬೇಕು. ಹಚ್ಚಿ ಹತ್ತು ನಿಮಿಷ ಕಾಯಬೇಕು, ಬಣ್ಣ ಆಮೇಲೆ ತಿರುಗುತ್ತೆ. ಕಣ್ಣಿನ ಕೆಳಗಿನ ಕಪ್ಪು ಮುಚ್ಚುವ ಕನ್ಸೀಲರು ಒಂದು ಮೆಟ್ಟಿಲು ತಿಳಿ, ಕಲೆಯ ಮೇಲಿನದು ಚರ್ಮದ ಬಣ್ಣದ್ದೇ. ಕೆಂಪು ಅಡಗಬೇಕಾದರೆ ಕೆಳಗೆ ಒಂಚೂರು ಹಸಿರು. ಪಾಠ ಮಾತ್ರವಲ್ಲ, ಬಾಟಲಿಗಳೂ ಅವಳಿಗೆ ಗೊತ್ತಿದ್ದವು, ಧೂಳು ಹೊಡೆಯುವವಳು ಅವಳೇ ತಾನೇ. ನಂಬರು ಏರಿದಷ್ಟೂ ಫೌಂಡೇಶನ್ನಿನ ಬಣ್ಣ ಕಪ್ಪು. ಒಂದರಿಂದ ಎಂಟನೇ ನಂಬರಿನವು ಕನ್ನಡಿಯ ಮುಂದೆ. ಒಂಬತ್ತರಿಂದ ಹನ್ನೆರಡು ಕೆಳಗಿನ ಡ್ರಾಯರಿನಲ್ಲಿ, ಮೇಲಿನ ಪ್ಲಾಸ್ಟಿಕ್ಕೂ ಕಿತ್ತಿರಲಿಲ್ಲ. ಒಂದು ದಿನ ಯಾರೂ ಇಲ್ಲದಾಗ ಹನ್ನೊಂದನೆಯದನ್ನು ಕಿಟಕಿಯ ಹತ್ತಿರ ಒಯ್ದು ದವಡೆಗೆ ಒತ್ತಿ, ಕೈಗನ್ನಡಿಯಲ್ಲಿ ನೋಡಿಕೊಂಡಿದ್ದಳು. ಬಾಟಲಿ ಎಲ್ಲಿ ಮುಗಿದು ತಾನು ಎಲ್ಲಿ ಶುರುವಾಗುತ್ತೇನೆಂದು ಒಂದು ಗಳಿಗೆ ತಿಳಿಯಲಿಲ್ಲ. ತನ್ನನ್ನೂ ನೆನೆದು ಯಾರೋ ಎಲ್ಲೋ ಒಂದು ಬಾಟಲಿ ತುಂಬಿದ್ದಾರೆ. ಒಳಗಿಟ್ಟು ಡ್ರಾಯರು ಮುಚ್ಚಿದ್ದಳು.

ಬೇರೆ ಕಡೆ ಕೆಲಸ ಸಿಗುತ್ತಿರಲಿಲ್ಲ ಎಂದಲ್ಲ. ಎರಡು ವರ್ಷದ ಹಿಂದೆ ಮೇಡಂ ಒಂದು ಮಾತು ಕೊಟ್ಟಿದ್ದರು. “ನಿನ್ನ ಮಗಳು ಹತ್ತನೇ ಕ್ಲಾಸ್ ಮುಗಿಸ್ಲಿ. ಫೀಸಿಲ್ದೆ ಕೋರ್ಸಿಗೆ ಸೇರಿಸ್ಕೋತೀನಿ. ನೀನು ಮಾತ್ರ ಕುರ್ಚಿ ಬಿಟ್ಟು ಹೋಗ್ಬಾರ್ದು.” ಮೂಗಿನ ತುದಿಗೆ ಸವರಿದ ತುಪ್ಪ. ನೆಕ್ಕಲು ಸಿಗದು, ವಾಸನೆ ಬಿಡದು. ಆ ವಾಸನೆ ಹಿಡಿದೇ ಅವಳು ಎರಡು ವರ್ಷ ಮೂರು ಮಹಡಿ ಹತ್ತಿದ್ದಳು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಟೀ ಕಾಸುವ ಅಕ್ಕ ಅವಳ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು. ಕೆನ್ನೆಯಿಂದ ದವಡೆಯವರೆಗೆ ಚರ್ಮ ಸುಲಿದು ಕೆಂಪಗೆ ಕಾಣುತ್ತಿತ್ತು.

“ಡಾಕ್ಟ್ರು ಏನಂದ್ರು?”

“ಒಂದು ತಿಂಗ್ಳು ನೀರು ಬಿಟ್ಟು ಏನೂ ತಾಗಿಸ್ಬೇಡ ಅಂದ್ರು.”

“ನಿಮ್ಮ ಮೇಡಂ?”

“ಗುಡ್ಸೋರು ಬೀದಿಗೆ ಹತ್ತು ಜನ ಸಿಗ್ತಾರೆ, ನಿನ್ನ ಇಟ್ಕೊಂಡಿರೋದು ಮುಖಕ್ಕೆ ಅಂದ್ರು. ಮುಖಕ್ಕೆ ರಜಾ ಬೇಕು ಅಂದ್ರೆ ನೀನೂ ಹೋಗು, ಮಗಳ ವಿಷ್ಯಾನೂ ಕಟ್ಕೊಂಡು ಹೋಗು ಅಂದ್ರು.”

“ಅವಳ ಬಾಯಿಗೆ ಹುಳ ಬೀಳ. ಆ ಸ್ಪಿರಿಟ್ಟು ಒಂದಿನ ಆ ಮುಂಡೆ ಮುಖಕ್ಕೇ ಸುರೀಬೇಕು.”

“ಮೆಲ್ಲಗೆ ಅಕ್ಕ.”

“ಏನ್ ಮೆಲ್ಲಗೆ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಇಲೀನೇ ಮೆಲ್ಲಗೆ ಅಂತಿದ್ರೆ ಬೆಕ್ಕಿಗೇನು ಕಷ್ಟ?”

“ಶುಕ್ರವಾರ ಒಂದಿನ ಅಕ್ಕ. ಮೇಕಪ್ ಕಂಪನಿಯವ್ರು ಬರ್ತಾರೆ. ಶಾಲೆ ಅವ್ರಿಗೆ ಹಿಡಿಸಿದ್ರೆ ವರ್ಷಕ್ಕಾಗೋಷ್ಟು ಸಾಮಾನು ಪುಕ್ಕಟೆ, ಬಾಗಿಲಿಗೆ ಅವ್ರ ಬೋರ್ಡು. ಅವ್ರ ಮುಂದೆ ಮೇಡಂ ನನ್ ಮುಖದ ಮೇಲೆ ಮಾಡಿ ತೋರಿಸ್ತಾರೆ. ಅವತ್ತೇ ಮಗಳನ್ನ ಕರ್ಕೊಂಡ್ ಬಾ, ಹೆಸರು ಬರ್ಕೋತೀನಿ ಅಂದಿದಾರೆ.”

“ಬರ್ಕೊಂಡ್ಲು, ನೀರಿನ ಮೇಲೆ.” ಅಕ್ಕ ಲೋಟ ಕೊಡುತ್ತಾ ಅವಳ ಕೈ ನೋಡಿದಳು. ಕಕ್ಕಸಿನ ಆಸಿಡ್ಡು, ಬ್ಲೀಚಿಂಗ್ ಪುಡಿ ತಿಂದು ತಿಂದು ಬೆರಳಿನಿಂದ ಮಣಿಕಟ್ಟಿನ ಮೇಲಿನವರೆಗೂ ಅವಳ ಬಣ್ಣ ಹಾರಿಹೋಗಿತ್ತು. “ದೊರೆಸಾನಿ ಗ್ಲೌಸ್ ಹಾಕ್ಕೊಂಡ ಹಾಗಿದೆ ನೋಡು. ಬೆಳ್ಳಗಾಗೋಕೆ ಕ್ರೀಮ್ ಯಾಕೆ, ಕಕ್ಕಸು ತೊಳೀರಿ ಸಾಕು ಅಂತ ಬೋರ್ಡ್ ಹಾಕೋಕೆ ಹೇಳು ನಿಮ್ಮ ಮೇಡಮ್ಮಿಗೆ.”

ಇಬ್ಬರೂ ನಕ್ಕರು. ನಕ್ಕಾಗ ಸ್ಲೇಟಿನ ಕೆನ್ನೆ ಬಿರಿದು ನೀರು ಜಿನುಗಿತು. ಸೆರಗಿನ ತುದಿಯಲ್ಲಿ ಒತ್ತಿಕೊಂಡಳು.

ಮನೆಯೆಂದರೆ ಒಂದೇ ಕೋಣೆ. ಸಂಜೆ ಮಗಳು ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬಣ್ಣವಿಲ್ಲದ ಬರೀ ಬೆರಳಿನಿಂದ ಅವಳ ಸರಿಯಿದ್ದ ಬಲಗೆನ್ನೆಯ ಮೇಲೆ ಪಾಠ ಒಪ್ಪಿಸುತ್ತಿದ್ದಳು. ದವಡೆ, ಕಿಟಕಿ, ಹತ್ತು ನಿಮಿಷ. ಒಂದೂ ತಪ್ಪಲಿಲ್ಲ.

“ಗಾಯ ಇದ್ರೆ?” ಎಂದು ತಾಯಿ ಕೇಳಿದಳು.

“ಗಾಯದ ಮೇಲೆ ಏನೂ ಹಚ್ಚಬಾರ್ದು.” ಮಗಳ ಬೆರಳು ನಿಂತಿತು. “ಮತ್ತೆ ನಿಂಗ್ಯಾಕಮ್ಮ ಹಚ್ತಾರೆ?”

“ನೀನು ಹಚ್ಚೋಳಾಗ್ಬೇಕಲ್ಲ, ಅದಕ್ಕೆ.”

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಮೇಡಂ ಬಂದರು. ಸ್ಲೇಟಿನ ಮುಖ ನೋಡಿದವರೇ ಹಣೆ ಹಣೆ ಚಚ್ಚಿಕೊಂಡರು.

“ದರಿದ್ರ. ಇವತ್ತೇ ಹೀಗಾಗ್ಬೇಕಿತ್ತಾ? ಕಂಪನಿಯವ್ರು ಇದನ್ನ ನೋಡಿದ್ರೆ ನನ್ನ ಕಥೆ ಮುಗೀತು. ಏಯ್ ಕನ್ನಡಕ, ಹಸಿರು ಕನ್ಸೀಲರ್ ಹಾಕು. ಮೇಲೆ ತೆಳ್ಳಗೆ ಫೌಂಡೇಶನ್ ಎಳಿ. ಹಚ್ಚಿದ್ದು ಕಾಣ್ಬಾರ್ದು, ಬರೀ ಮುಖ ಇದ್ದ ಹಾಗಿರ್ಬೇಕು.”

ಕನ್ನಡಕದ ಹುಡುಗಿ ಬೆರಳ ತುದಿಯಲ್ಲಿ ಹಸಿರು ತಾಗಿಸಿದಳು. “ಉರಿಯುತ್ತಾ?” ಎಂದು ಪಿಸುಗುಟ್ಟಿದಳು.

“ಇಲ್ಲಮ್ಮ, ಹಚ್ಚು.” ಕುರ್ಚಿಯ ಕೈಗಳನ್ನು ಅವಳು ಹಿಡಿದ ಹಿಡಿತಕ್ಕೆ ಉಗುರು ಬಿಳಿಚಿಕೊಂಡವು.

ಹತ್ತಕ್ಕೆ ಕಂಪನಿಯವರು ಬಂದರು. ಟೈ ಕಟ್ಟಿದ ಒಬ್ಬ ಗಂಡಸು, ಅವನ ಜೊತೆ ಬರೆದುಕೊಳ್ಳಲು ಒಬ್ಬಳು. ಹಿಂದೆಯೇ ಮಗಳು ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಎದೆಗವಚಿಕೊಂಡ ಹತ್ತನೇ ಕ್ಲಾಸಿನ ಅಂಕಪಟ್ಟಿ. ಬಾಗಿಲ ಪಕ್ಕ ಗೋಡೆಗಂಟಿ ನಿಂತಳು. ತಾಯಿ ಕಣ್ಣಲ್ಲೇ ‘ಅಲ್ಲೇ ಇರು’ ಎಂದಳು.

ಮೇಡಂ ಸಕ್ಕರೆಯಂಥ ದನಿ ತೆಗೆದರು. “ನಮ್ಮಲ್ಲಿ ಎಲ್ಲ ಥರದ ಚರ್ಮಕ್ಕೂ ಶೇಡ್ ಆರಿಸೋದು ಕಲಿಸ್ತೀವಿ ಸರ್. ಇದು ತೀರಾ ಕಷ್ಟದ ಮುಖ. ಬೇಕು ಅಂತಲೇ ತಗೊಂಡಿದೀನಿ.”

ದವಡೆಯ ಮೇಲೆ ಗೆರೆ ಎಳೆಯುವಂತಿರಲಿಲ್ಲ. ಅಲ್ಲಿ ಬೆಳಿಗ್ಗೆ ಮುಚ್ಚಿದ ಗಾಯವಿತ್ತು. ಉಜ್ಜಿದರೆ ಬಂಡವಾಳ ಬಯಲಾಗುತ್ತಿತ್ತು. ಮೇಡಂ ಅವಳ ಕೈ ಎಳೆದುಕೊಂಡು ಮಣಿಕಟ್ಟಿನ ಮೇಲೆ ಮೂರು ಗೆರೆ ಎಳೆದರು. ನಾಲ್ಕು, ಐದು, ಆರು. ಐದನೆಯದು ಚರ್ಮದಲ್ಲಿ ಕರಗಿ ಕಾಣದಾಯಿತು.

“ನೋಡಿ ಸರ್, ಐದು. ಪರ್‌ಫೆಕ್ಟ್ ಮ್ಯಾಚ್.”

ಸ್ಲೇಟು ತನ್ನ ಕೈ ನೋಡಿಕೊಂಡಳು. ಆರು ವರ್ಷ ಅವಳ ಮುಖ ಉಜ್ಜಿದ ಮೇಡಂ ಅವಳ ಕೈಯನ್ನು ಒಂದು ದಿನವೂ ನೋಡಿರಲಿಲ್ಲ. ಮಗಳ ಹೆಸರು ಬರೆಯುವ ದಿನ ಇದು. ತಡೆಯಲಾಗಲಿಲ್ಲ.

“ಮೇಡಂ,” ತುಟಿ ಅಲ್ಲಾಡದಂತೆ ಹೇಳಿದಳು, “ಆ ಕೈ ಆಸಿಡ್ಡಿಗೆ ಬೆಳ್ಳಗಾಗಿರೋದು. ಮುಖಕ್ಕೆ ಹನ್ನೊಂದು ಮೇಡಂ. ಕೆಳಗಿನ ಡ್ರಾಯರಲ್ಲಿದೆ.”

ಮೇಡಂ ಸರ್ ಕಡೆ ನಗುತ್ತಲೇ ಅವಳ ಕಿವಿಯ ಹತ್ತಿರ ಬಗ್ಗಿದರು. “ಕಕ್ಕಸು ತೊಳಿಯೋಳು ನಂಗೆ ಹೇಳ್ಕೊಡ್ತೀಯಾ? ಇನ್ನೊಂದು ಮಾತಾಡಿದ್ರೆ ಮಗಳನ್ನ ಕರ್ಕೊಂಡು ಹೀಗೇ ಇಳಿ.”

ಐದನೇ ನಂಬರು ಹಣೆಗೆ ಬಂತು, ಮೂಗಿಗೆ ಬಂತು, ಗಾಯದ ಮೇಲೆ ಬಂತು. ಸ್ಪಂಜು ಪಟಪಟ ಬಡಿಯಿತು. ಕಣ್ಣಲ್ಲಿ ನೀರು ತುಂಬಿತು, ಬೀಳಗೊಡಲಿಲ್ಲ. ಹತ್ತು ನಿಮಿಷವಾದ ಮೇಲೆ ಬಣ್ಣ ತಿರುಗಿತು. ಕನ್ನಡಿಯಲ್ಲಿ ಕತ್ತಿನವರೆಗೆ ಒಬ್ಬಳಿದ್ದಳು, ಕತ್ತಿನ ಮೇಲೆ ಒಲೆಯಿಂದ ಬಾಚಿ ತೆಗೆದ ಬೂದಿ ಇತ್ತು.

ಟೈ ಕಟ್ಟಿದವನು ತಲೆ ಓರೆ ಮಾಡಿ ನೋಡಿ ಪಕ್ಕದವಳಿಗೆ ಹೇಳಿದ, “ಹೆಣದ ಮೇಕಪ್ ಇದ್ದ ಹಾಗಿದೆಯಲ್ರೀ.” ಅವಳು ಪೆನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಮೇಡಂ ಮುಖ ಕೆಂಪಾಯಿತು. “ಶೇಡ್ ಸರಿಯಾಗೇ ಇದೆ ಸರ್. ಈ ಚರ್ಮವೇ ಸರಿ ಇಲ್ಲ. ಏನು ಹಚ್ಚಿದ್ರೂ ಹಿಡಿಯಲ್ಲ. ಹಳೇದಾಯ್ತು, ಉಜ್ಜಿ ಉಜ್ಜಿ ಸವೆದು ಹೋಗಿದೆ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಂಥ ನೆಲವಾಗಿ ಕೂತಿದ್ದಳು ಸ್ಲೇಟು.

ಆಗ ಮೇಡಂ ಕಣ್ಣು ಬಾಗಿಲ ಕಡೆ ಹೋಯಿತು. “ಬಾ ಪುಟ್ಟಾ, ಬಾ ಇಲ್ಲಿ.” ಮಗಳು ಅಂಕಪಟ್ಟಿ ಮುಂದೆ ಹಿಡಿದು ಬಂದಳು. ಮೇಡಂ ಅದನ್ನು ತಿರುಗಿಯೂ ನೋಡಲಿಲ್ಲ. ಎರಡು ಬೆರಳಿನಿಂದ ಹುಡುಗಿಯ ಗಲ್ಲ ಎತ್ತಿ ಬಲ್ಬಿಗೆ ಹಿಡಿದರು. “ನೋಡಿ ಸರ್, ಅದೇ ಬಣ್ಣ. ಆದ್ರೆ ಚರ್ಮ ಹೊಸದು, ಬೆಣ್ಣೆ ಇದ್ದ ಹಾಗಿದೆ. ಇದ್ರ ಮೇಲೆ ಮಾಡಿ ತೋರಿಸ್ತೀನಿ.” ಹಾಗೇ ತಾಯಿಯ ಕಡೆ ತಿರುಗಿದರು. “ಏಳೇ. ಸೇರಿಸ್ಕೋತೀನಿ ಅಂದಿದ್ದೆ, ಸೇರಿಸ್ಕೋತಿದೀನಿ. ಮೊದ್ಲು ಎರಡು ವರ್ಷ ಕೂತ್ಕೊಂಡು ನೋಡ್ಲಿ. ಆಮೇಲೆ ಬ್ರಶ್ಶು ಕೊಡೋದು ನೋಡೋಣ. ನೀನು ಪೊರಕೆ ಹಿಡ್ಕೊಂಡಿರು, ಯಾರು ಬೇಡ ಅಂದ್ರು?”

ಮಗಳು ತಾಯಿಯನ್ನು ನೋಡಿದಳು. ಎಳೇ ಕೆನ್ನೆ. ಮೇಡಮ್ಮಿನ ಬೆರಳು ಒತ್ತಿದ್ದ ಕಡೆ ಎರಡು ಗುಳಿ ಇನ್ನೂ ಹಾಗೇ ಇದ್ದವು.

“ಏಳೇ ಅಂದೆ. ಜಾಗ ಬಿಡು.”

ಸ್ಲೇಟು ಏಳಲಿಲ್ಲ. ಪಕ್ಕದ ತಟ್ಟೆಗೆ ಕೈ ಚಾಚಿ ಒಂದು ಹಿಡಿ ಹತ್ತಿ ತೆಗೆದಳು. ಸ್ಪಿರಿಟ್ಟಿನ ಬಾಟಲಿ ಬಗ್ಗಿಸಿ ತೊಟ್ಟಿಕ್ಕುವಷ್ಟು ನೆನೆಸಿದಳು. ದಿನಕ್ಕೆ ಐದು ಸಲ ಬೇರೆಯವರು ಮಾಡುತ್ತಿದ್ದುದನ್ನು ತಾನೇ ಮಾಡಿದಳು. ಮೊದಲು ಬೂದಿ ಬಂತು. ಆಮೇಲೆ ಹಸಿರು ಬಂತು. ಅವಳು ನಿಲ್ಲಿಸಲಿಲ್ಲ. ಹತ್ತಿ ಕೆಂಪಾಯಿತು. ಹಸಿ ಕೆನ್ನೆ, ಹಸಿ ದವಡೆ ಬಲ್ಬುಗಳ ಬೆಳಕಿನಲ್ಲಿ ಹೊಳೆಯತೊಡಗಿದವು. ಹದಿನಾಲ್ಕು ಹುಡುಗಿಯರಲ್ಲಿ ಒಬ್ಬಳು ಬಾಯಿಗೆ ಕೈ ಒತ್ತಿಕೊಂಡು ಹೊರಗೋಡಿದಳು.

“ಈಗ ಹೇಳಿ ಮೇಡಂ,” ಎಂದಳು ಸ್ಲೇಟು. “ಇದಕ್ಕೆ ಯಾವ ನಂಬರು?”

ಬರೆದುಕೊಳ್ಳುವವಳ ಪೆನ್ನು ನಿಂತಿತ್ತು.

“ಗಾಯದ ಮೇಲೆ ಏನೂ ಹಚ್ಚಬಾರ್ದು,” ಎಂದಳು ಮಗಳು, ಪರೀಕ್ಷೆಯಲ್ಲಿ ಉತ್ತರ ಹೇಳುವವಳ ಹಾಗೆ.

“ವಾಚ್‌ಮನ್ನನ್ನ ಕರೀರೇ ಯಾರಾದ್ರೂ,” ಮೇಡಂ ದನಿ ಒಡೆಯಿತು. “ಎತ್ತಿ ಆಚೆ ಹಾಕಲಿ ಇವಳನ್ನ. ಹುಚ್ಚು ಮುಂಡೆ. ಏಯ್ ಹುಡುಗಿ, ನೀನು ಇಲ್ಲೇ ನಿಂತ್ಕೋ. ಕುರ್ಚಿ ಖಾಲಿಯಾದ ತಕ್ಷಣ ಕೂತ್ಕೋಬೇಕು.”

ಸ್ಲೇಟು ಎರಡೂ ಪಾದಗಳನ್ನು ಕುರ್ಚಿಯ ಕೆಳಗಿನ ಸರಳಿಗೆ ಸಿಕ್ಕಿಸಿದಳು. ಬೆಳ್ಳಗಾದ ಎರಡೂ ಕೈಗಳಿಂದ ಕುರ್ಚಿಯ ಕೈಗಳನ್ನು ತಬ್ಬಿಕೊಂಡಳು. ವಾಚ್‌ಮನ್ ಬಂದ. ದಿನಾ ಅವಳ ಜೊತೆ ಟೀ ಕುಡಿಯುವವನು. “ಏಳಮ್ಮ, ನನ್ ಹೊಟ್ಟೆ ಮೇಲೆ ಹೊಡೀಬೇಡ,” ಎಂದ. ಅವಳು ಅವನ ಕಡೆ ನೋಡಲಿಲ್ಲ. ಅವನು ಕಂಕುಳಿಗೆ ಕೈ ಹಾಕಿ ಎತ್ತಿದ. ಬರಲಿಲ್ಲ. ಟೈ ಕಟ್ಟಿದವನೂ ಬಂದು ಇನ್ನೊಂದು ಕಡೆ ಹಿಡಿದ. ಇಬ್ಬರೂ ಉಸಿರು ಬಿಗಿಹಿಡಿದು ಒಮ್ಮೆಗೇ ಎತ್ತಿದರು.

ಅವಳ ಜೊತೆ ಕುರ್ಚಿಯೂ ಎದ್ದು ಬಂತು.