ಗದ್ದಲದ ದಿನ ಬಿಟ್ಟ ಆದೇಶ

ಆಸ್ಪತ್ರೆಯಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡಿದರೂ ಮೊದಲು ನಿನಗೆ ಹೇಳ್ತೀನಿ ಅಕ್ಕ ಎಂದು, ಭಾವನಿಗೆ ಡಯಾಲಿಸಿಸ್ ಶುರುವಾದ ವರ್ಷ ಗುಂಡ ಮಾತು ಕೊಟ್ಟಿದ್ದ. ಸರ್ಕಾರದ ಪ್ರಚಾರ ಕಚೇರಿಯಲ್ಲಿ ಅಧಿಕಾರಿಯಾದರೂ ಮನೆಯಲ್ಲಿ ಅವನು ಗುಂಡನೇ.

ಪ್ರಕಟಣೆಗಳನ್ನು ಪತ್ರಿಕೆಗಳಿಗೆ ಕಳಿಸುವುದು ಅವನ ಕೆಲಸ. ಒಳ್ಳೆಯ ಸುದ್ದಿ ಬೆಳಗ್ಗೆಯೇ ಹೊರಡುತ್ತಿತ್ತು. ಜನ ಬೈಯುವಂಥದ್ದನ್ನು ಫೈಲಿನಲ್ಲಿ ಮಲಗಿಸಿಟ್ಟು, ರಾಜಕೀಯದ ಗದ್ದಲ ಎದ್ದ ದಿನ ಸದ್ದಿಲ್ಲದೆ ಬಿಡುತ್ತಿದ್ದ. ಆ ದಿನವನ್ನು ವಾಸನೆಯಲ್ಲೇ ಹಿಡಿಯುತ್ತಾನೆಂದು ಸಾಹೇಬರಿಗೆ ಅವನ ಮೇಲೆ ಅಕ್ಕರೆ.

ಮಂತ್ರಿಮಂಡಲ ಒಡೆದ ಸಂಜೆ ವರದಿಗಾರರೆಲ್ಲ ಮಂತ್ರಿಗಳ ಮನೆ ಬಾಗಿಲು ಕಾಯುತ್ತಿದ್ದರು. ಆಗ ಗುಂಡ ಆ ಆದೇಶ ಬಿಟ್ಟ: ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಮುಂದಿನ ತಿಂಗಳಿನಿಂದ ಇಲ್ಲ, ಆಕ್ಷೇಪಣೆ ಇದ್ದವರು ಶನಿವಾರದೊಳಗೆ ಬರೆದುಕೊಡಬೇಕು. ಭಾವನಿಗೆ ಬೇರೆ ಕಡೆ ಹೇಗೋ ಹೊಂದಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಯಾವ ಪತ್ರಿಕೆಯವರೂ ವಿಚಾರಿಸಿ ಫೋನ್ ಮಾಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದೆಯಲ್ಲಪ್ಪ ಎಂದು ಸಾಹೇಬರು ಬೆನ್ನು ತಟ್ಟಿದರು.

ರಾತ್ರಿ ಊಟಕ್ಕೆ ಪಕ್ಕದ ಸಣ್ಣ ಊರಿನಲ್ಲಿದ್ದ ಅಕ್ಕನ ಮನೆಗೆ ಹೋದ. ಭಾವ ಟಿವಿ ಮುಂದೆ ಕೂತು, ಡಾಕ್ಟರು ಗೊತ್ತುಮಾಡಿದ ತನ್ನ ಪಾಲಿನ ಅರ್ಧ ಲೋಟ ನೀರನ್ನು ಗುಟುಕು ಗುಟುಕಾಗಿ ಉಳಿಸಿ ಕುಡಿಯುತ್ತ, ಯಾರ ಕುರ್ಚಿ ಉಳಿಯುತ್ತದೆಂದು ಲೆಕ್ಕ ಹಾಕುತ್ತಿದ್ದ.

"ಇಷ್ಟು ಗಲಾಟೇಲಿ ನಿಂಗೆ ಕೆಲಸ ಜಾಸ್ತಿ ಇತ್ತೇನೋ?" ಅಕ್ಕ ಕೇಳಿದಳು.

"ಇಲ್ಲಕ್ಕ, ಇವತ್ತು ಅಂಥದ್ದೇನೂ ಇರಲಿಲ್ಲ."

ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಬೆಳಗ್ಗೆ ಯಾವ ಪತ್ರಿಕೆಯಲ್ಲೂ ಆ ಆದೇಶದ ಸುಳಿವಿರಲಿಲ್ಲ. ಗುಂಡ ರಜೆ ಹಾಕಿ, ಅಕ್ಕ ಭಾವನ ಜೊತೆ ಆಸ್ಪತ್ರೆಗೆ ಹೊರಟ. ದಾರಿಯುದ್ದಕ್ಕೂ ಜೇಬಿನಲ್ಲಿದ್ದ ಆದೇಶದ ಪ್ರತಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಕಾಯುವ ಕೋಣೆಯಲ್ಲಿ ಎಲ್ಲರ ಕಣ್ಣೂ ಟಿವಿಯ ಮೇಲೆ. ಯಾರು ಬಂದರೂ ನಮಗೆ ಚುಚ್ಚೋದು ತಪ್ಪಲ್ಲ ಬಿಡಿ ಎಂದು ಒಬ್ಬಾಕೆ ನಗಿಸಿದಳು. ಗುಂಡನಿಗೆ ನಗು ಬರಲಿಲ್ಲ. ಎದ್ದು ಹೋಗಿ ಟಿವಿ ಆರಿಸಿದ.

"ಯಾರ್ರೀ ಅದು, ಹಾಕ್ರಿ," ಮುದುಕರೊಬ್ಬರು ರೇಗಿದರು.

ಅವನು ಆದೇಶವನ್ನು ಗಟ್ಟಿಯಾಗಿ ಓದಿದ.

"ನಿನ್ನೆ ಇದನ್ನು ಬಿಟ್ಟವನು ನಾನೇ. ನೀವ್ಯಾರೂ ನೋಡಬಾರದು ಅಂತಲೇ ನಿನ್ನೆ ಬಿಟ್ಟೆ. ಶನಿವಾರದ ತನಕ ಬರೆದುಕೊಡಬಹುದು. ಹೇಗೆ ಬರೀಬೇಕು ಅಂತ ಹೇಳ್ತೀನಿ."

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. "ನಿನ್ನೆ ಊಟಕ್ಕೆ ಕೂತಾಗ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. ಅವಳು ಪಕ್ಕದವರಿಂದ ಪೆನ್ನು ತೆಗೆದುಕೊಂಡು ಬರೆಯಲು ಕೂತಳು.

ಮೊದಲು ಅಕ್ಕನಿಗೆ ಹೇಳುತ್ತೇನೆ ಎಂದಿದ್ದ. ಅವಳು ಎಲ್ಲರ ಜೊತೆ ಕೇಳಿದಳು. ಗುಂಡ ಮಾತಿಗೆ ತಪ್ಪಿದ.