ಮುಚ್ಚಳ ತೆಗೆಯುವ ಮೊದಲು

"ನಿಲ್ಸಿ, ಈಗ್ಲೇ ನಿಲ್ಸಿ!"

ಮಗಳು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಬಡಿದಳು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಡ್ರೈವರ್ ಬ್ರೇಕು ಒತ್ತುವಷ್ಟರಲ್ಲಿ ಬಾನೆಟ್ಟಿನ ಸಂದುಗಳಿಂದ ಹಬೆ ಎದ್ದು ಮುಂದಿನ ಗಾಜನ್ನೆಲ್ಲ ಬೆಳ್ಳಗೆ ಮುಚ್ಚಿತು. ಅವಳ ಬೆನ್ನ ಹಿಂದೆ, ಪಟ್ಟಿಗಳಿಂದ ಬಿಗಿದ ಮರದ ಪೆಟ್ಟಿಗೆಯಲ್ಲಿ ಅಪ್ಪ ಮಲಗಿದ್ದ. ಮೂವತ್ತೆಂಟು ವರ್ಷ ಊರಿನ ಗಾಡಿಗಳ ರೇಡಿಯೇಟರ್ ರಿಪೇರಿ ಮಾಡಿದವನ ಕೊನೆಯ ಗಾಡಿ ನಡುರಸ್ತೆಯಲ್ಲಿ ಕುದಿದು ನಿಂತಿತ್ತು.

ವ್ಯಾನಿನ ಮುಂದೆ ನಡೆಯುತ್ತಿದ್ದವರು ತಿರುಗಿ ಬಂದರು. ಎಲ್ಲರಿಗಿಂತ ಮೊದಲು ಬಂದವನು ಬ್ಯಾಟರಿ ಮಾವ. ಅಪ್ಪನ ಪಕ್ಕದ ಅಂಗಡಿಯಲ್ಲಿ ಬ್ಯಾಟರಿ ಚಾರ್ಜು ಮಾಡುತ್ತ, ಸಂಬಂಧವಿಲ್ಲದೆಯೂ ಮಾವನಾದವನು. ವ್ಯಾನಿನ ಮೂತಿ ನೋಡಿದವನೇ ಹಣೆ ಚಚ್ಚಿಕೊಂಡ. ಮೆಕ್ಯಾನಿಕ್‌ಗಳೆಲ್ಲ ಸೇರಿ ಗೌರವಕ್ಕೆಂದು ತಂದ, ಗಾಡಿಚಕ್ರದಷ್ಟು ದೊಡ್ಡ ಹೂವಿನ ಚಕ್ರ ಗಾಳಿ ಹೋಗುವ ಜಾಲರಿಯನ್ನು ಪೂರ್ತಿ ಮುಚ್ಚಿತ್ತು.

"ನಮ್ಮ ಬುದ್ಧಿಗೆ ಬೆಂಕಿ ಬೀಳ! ಜಾಲರಿಗೆ ಗಾಳಿ ಬಿಡ್ರೋ ಅಂತ ಜನ್ಮವೆಲ್ಲ ಬಡ್ಕೊಂಡ. ಇವತ್ತು ಅವನ ಗಾಡಿ ಮೂಗೇ ಕಟ್ಟಿದ್ವಲ್ಲ."

"ಕಟ್ಟಿದ್ಯಾರು ಮಾವ?"

"ನಾನೇ ಕಣಮ್ಮ. ಬಿಗಿಯಾಗಿರ್ಲಿ ಅಂತ ತಂತಿ ಬೇರೆ ಎರಡು ಸುತ್ತು ಸುತ್ತಿದೀನಿ."

ಯಾರೋ ಕಿಸಕ್ಕೆಂದು ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು. ಅವಳ ತಮ್ಮ ಕೈಗಡಿಯಾರ ನೋಡಿದ. "ಅಕ್ಕ, ಸ್ಮಶಾನದವನು ಹನ್ನೆರಡಕ್ಕೆ ಗೇಟು ಹಾಕ್ತೀನಿ ಅಂದಿದಾನೆ. ತಪ್ಪಿದ್ರೆ ಸಂಜೆನೇ ಅಂತೆ. ಅರ್ಧ ಗಂಟೆ ಇದೆ ಅಷ್ಟೇ."

"ರೇಡಿಯೇಟರ್ ಮುಚ್ಚಳ ತೆಗೆದು ಒಂದು ಬಾಟಲಿ ನೀರು ಹೊಯ್ದ್ರೆ ಆಯ್ತಪ್ಪ," ಎನ್ನುತ್ತ ಡ್ರೈವರ್ ಇಳಿದ.

"ಮುಟ್ಬೇಡಿ!"

ಅವಳ ದನಿಗೆ ಎಲ್ಲರೂ ತಿರುಗಿದರು. ಅವಳತ್ತ ನೋಡಿ, ಆಮೇಲೆ ನೆಲ ನೋಡಿದರು. ಅಪ್ಪನ ಅಂಗಡಿಯಲ್ಲಿ ಅವಳು ಮಾಡದ ಕೆಲಸವಿರಲಿಲ್ಲ. ಒಂದನ್ನು ಬಿಟ್ಟು. ಅದು ಅವರಿಗೆಲ್ಲ ಗೊತ್ತಿತ್ತು.

* * *

ಅಪ್ಪ ಬಾಯಿಗಿಂತ ಬೆರಳ ಗೆಣ್ಣಿನಿಂದ ಮಾತಾಡಿದ್ದೇ ಹೆಚ್ಚು. ಬಾನೆಟ್ಟಿನ ಮೇಲೆ ಒಮ್ಮೆ ತಟ್ಟಿದರೆ 'ತಡಿ'. ಮೂರು ಸಲ ತಟ್ಟಿದರೆ 'ಆಯ್ತು, ತೆಗಿ'. ಕುದಿದ ಎಂಜಿನ್ನು ಆರುವಾಗ ಕಬ್ಬಿಣ ಟಿಕ್ ಟಿಕ್ ಎನ್ನುತ್ತದೆ. "ಅದಿನ್ನೂ ಮಾತಾಡ್ತಿದೆ. ಮುಗಿಸ್ಲಿ," ಎನ್ನುತ್ತಿದ್ದ. ಸದ್ದು ನಿಂತ ಮೇಲೆ ಮುಚ್ಚಳದ ಮೇಲೆ ಕೈಯ ಹಿಂಬದಿ ಇಟ್ಟು ನೂರು ಎಣಿಸಬೇಕು. ನಡುವೆ ಕೈ ಕಿತ್ತುಕೊಳ್ಳಬೇಕು ಅನಿಸಿದರೆ ಮತ್ತೆ ಮೊದಲಿನಿಂದ.

ಅವಳಿಗೆ ಆಗ ಹತ್ತೊಂಬತ್ತು. ಟ್ಯಾಕ್ಸಿಯವನೊಬ್ಬ ಸವಾರಿ ತಪ್ಪುತ್ತದೆಂದು ಒಂದೇ ಸಮನೆ ಹಾರನ್ನು ಒತ್ತುತ್ತಿದ್ದ. ಅಪ್ಪ ಒಮ್ಮೆ ತಟ್ಟಿದ. ಅವಳಿಗೆ ಕೇಳಿಸಿತು. ಕೇಳಿಸಿಯೂ ಮುಚ್ಚಳ ತಿರುಗಿಸಿದಳು.

ಮುಚ್ಚಳಕ್ಕೂ ಅವಳ ಮುಖಕ್ಕೂ ನಡುವೆ ಅಪ್ಪನ ಎಡಗೈ ಬಂತು. ಸಿಡಿದ ಕುದಿನೀರಿಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ಬಂತು.

ಆಸ್ಪತ್ರೆಯಲ್ಲಿ ಅವನು ಬೈಯಲಿಲ್ಲ. ಮನೆಯಲ್ಲೂ ಇಲ್ಲ. ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅಂದಿನಿಂದ ಹನ್ನೊಂದು ವರ್ಷ, ಪೈಪು ಬದಲಿಸುವುದು, ಒಳಗಿನ ತುಕ್ಕು ತೊಳೆಯುವುದು, ಹಸಿರು ಕೂಲೆಂಟನ್ನು ನೀರಿನೊಂದಿಗೆ ಬೆರೆಸುವುದು ಎಲ್ಲ ಅವಳೇ. ಮುಚ್ಚಳ ತೆಗೆಯುವ ಹೊತ್ತಿಗೆ ಮಾತ್ರ ಅಪ್ಪ ಕೈ ಒರೆಸಿಕೊಂಡು ಎದ್ದು ಬರುತ್ತಿದ್ದ. ಅವಳು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದಳು. ಮೂರು ತಟ್ಟು ಅವಳಿಗಾಗಿ ಮತ್ತೆ ಬೀಳಲೇ ಇಲ್ಲ. ಅದು ಅಪನಂಬಿಕೆಯೋ, ಅಕ್ಕರೆಯೋ? ಒಂದು ದಿನ ಕೇಳಿಬಿಡಬೇಕು ಅಂದುಕೊಂಡಿದ್ದಳು. ಮೊನ್ನೆ ಬೆಳಿಗ್ಗೆ ಅಪ್ಪ ಬೂಟಿನ ದಾರ ಕಟ್ಟಿಕೊಳ್ಳುತ್ತ ಕುರ್ಚಿಯಲ್ಲಿ ಬಾಗಿದವನು ಮೇಲೇಳಲಿಲ್ಲ.

* * *

ಬ್ಯಾಟರಿ ಮಾವ ತಂತಿ ಕತ್ತರಿಸಿ ಹೂವಿನ ಚಕ್ರ ತೆಗೆದ. ಜಾಲರಿಯ ಒಳಗೆ, ರೇಡಿಯೇಟರಿನ ಮೈಗೆ, ಬೆಂದ ಎಸಳುಗಳು ಅಂಟಿಕೊಂಡಿದ್ದವು. ಅವಳು ಬಾನೆಟ್ಟು ಎತ್ತಿ ಬಟ್ಟೆಯೊಂದನ್ನು ನೆನೆಸಿದಳು.

ಟಿಕ್. ಟಿಕ್. ಟಿಕ್. ಹದಿನೈದು ಜನ ಬಿಸಿಲಲ್ಲಿ ನಿಂತು ಅದನ್ನೇ ಕೇಳಿದರು. ಬರಬರುತ್ತ ಅಂತರ ಹೆಚ್ಚಿತು. ನಿಂತಿತು.

ಅವಳು ಕೈಯ ಹಿಂಬದಿಯನ್ನು ಮುಚ್ಚಳದ ಮೇಲಿಟ್ಟಳು. ಅರವತ್ತು ಎಣಿಸುವಷ್ಟರಲ್ಲಿ ತಮ್ಮ, "ಎಂಟೇ ನಿಮಿಷ ಇರೋದು, ಅಕ್ಕ," ಎಂದ. ಅಂಥ ಬಿಸಿಯೇನಿಲ್ಲ ಅನಿಸಿತು. ಬಟ್ಟೆ ಹೊದಿಸಿ ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿದಳು.

ಟಕ್.

ಎಂಜಿನ್ನಿನಿಂದಲ್ಲ. ವ್ಯಾನಿನ ಹಿಂಭಾಗದಿಂದ. ಮರದ ಮೇಲೆ ಗೆಣ್ಣು ಬಿದ್ದ ಸದ್ದು.

ಅವಳು ಕೈ ಎಳೆದುಕೊಂಡು ಹಿಂದೆ ಸರಿದಳು. ಮರುಕ್ಷಣವೇ ಮುಚ್ಚಳದ ಅಂಚಿನಿಂದ ಕುದಿನೀರು ಸಿಡಿದು, ಅವಳ ಮುಖ ಇದ್ದ ಜಾಗವನ್ನು ಹಾದು ಬಾನೆಟ್ಟಿನ ಒಳಮೈಗೆ ಬಡಿಯಿತು.

"ಪಟ್ಟಿ ಸಡಿಲ ಆಗಿರ್ಬೇಕು," ಎಂದ ಡ್ರೈವರ್. ಆದರೆ ನೋಡಲು ಹೋಗಲಿಲ್ಲ. ಬ್ಯಾಟರಿ ಮಾವ ಕತ್ತರಿಸಿದ ತಂತಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ.

"ಮಾವ, ಕೇಳಿಸ್ತಾ?"

"ನೀನು ನಿನ್ನ ಕೆಲಸ ನೋಡಮ್ಮ."

ಹನ್ನೆರಡಾಯಿತು. ಯಾರೂ ಗಡಿಯಾರದ ಮಾತೆತ್ತಲಿಲ್ಲ. ಸಿಡಿತ ನಿಂತು ಎಷ್ಟೋ ಹೊತ್ತಾದ ಮೇಲೆ ಅವಳು ಮತ್ತೆ ಕೈಯಿಟ್ಟು ಒಂದರಿಂದ ಎಣಿಸಿದಳು. ತೊಂಬತ್ತೊಂಬತ್ತು. ನೂರು. ಕೈ ತೆಗೆದು, ತನಗರಿವಿಲ್ಲದೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಖಾಲಿ ಬಿಟ್ಟ ಆ ಜಾಗದಲ್ಲಿ ಯಾರೂ ಬಂದು ನಿಲ್ಲಲಿಲ್ಲ.

ಟಕ್. ಟಕ್. ಟಕ್.

ಅವಸರವಿಲ್ಲದ ಸದ್ದು. ತಮ್ಮನ ಮುಖ ಸುಣ್ಣದಂತೆ ಬಿಳಿಚಿತು. ಅವಳು ಅರ್ಧ ಹೆಜ್ಜೆ ಇಟ್ಟು ಆ ಜಾಗಕ್ಕೇ ಮರಳಿ ಮುಚ್ಚಳ ತಿರುಗಿಸಿದಳು. ಒಂದು ಸಣ್ಣ ನಿಟ್ಟುಸಿರು ಹೊರಬಂತು, ಅಷ್ಟೇ.

ನೀರು ಹೊಯ್ದು ಹೊರಟು ಮುಟ್ಟಿದಾಗ ಸ್ಮಶಾನದ ಗೇಟು ತೆರೆದೇ ಇತ್ತು. "ಬೈಯೋಕೆ ಅಂತಾನೇ ಕಾಯ್ತಿದ್ದೆ," ಎಂದ ಕಾವಲುಗಾರ. ಅವರ ಮುಖಗಳನ್ನು ನೋಡಿ ಬೈಯಲಿಲ್ಲ.

ಪೆಟ್ಟಿಗೆ ಇಳಿಸುವಾಗ ತಮ್ಮ ಕೈ ಬದಲಿಸಿದ. "ಅಕ್ಕ, ಎಡಗಡೆ ಯಾಕಿಷ್ಟು ಸುಡ್ತಿದೆ?"

"ಬಿಸಿಲಿಗೆ," ಎಂದ ಡ್ರೈವರ್ ತಟ್ಟನೆ. ಅವನ ವ್ಯಾನಿಗೆ ಹಿಂದೆ ಕಿಟಕಿಯೇ ಇರಲಿಲ್ಲ.

ಹಗ್ಗ ಹಿಡಿದ ನಾಲ್ವರು ಗುಂಡಿಯ ಅಂಚಿನಲ್ಲಿ ನಿಂತು ಅವಳ ಮಾತಿಗೆ ಕಾದರು. ಅವಳು ಮೊಣಕಾಲೂರಿ ಕೈಯ ಹಿಂಬದಿಯನ್ನು ಹಲಗೆಯ ಎಡಬದಿಗೆ, ಒಳಗೆ ಅಪ್ಪನ ಕೈ ಇದ್ದೀತೆನಿಸಿದಲ್ಲಿಗೆ, ಒತ್ತಿದಳು.

"ತಡೀರಿ. ಇನ್ನೂ ಬಿಸಿ ಇದೆ."

"ಏನಮ್ಮ, ಇದಕ್ಕೂ ಕಾಯ್ಬೇಕಾ?" ಕಾವಲುಗಾರ ಗೊಣಗಿದ.

"ಕಾಯ್ಬೇಕು ಕಣಯ್ಯ," ಎಂದ ಬ್ಯಾಟರಿ ಮಾವ.

ಅವಳ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಎರಡು ಸಲ ಕೈ ಕಿತ್ತುಕೊಂಡು ಮೊದಲಿನಿಂದ ಎಣಿಸಿದಳು. ಮೂರನೆಯ ಸಲ ಕೈ ಅಲ್ಲೇ ನಿಂತಿತು. ಹಗ್ಗ ಹಿಡಿದವರ ನೆರಳು ಒಂದು ಗೇಣು ಸರಿದಿತ್ತು. ಕೊನೆಗೆ ಅವಳು ಬೆರಳು ಮಡಚಿ, ತಣ್ಣಗಾದ ಹಲಗೆಯ ಮೇಲೆ ಗೆಣ್ಣಿನಿಂದ ಮೂರು ಸಲ ತಟ್ಟಿದಳು.

ಹಗ್ಗಗಳು ಮೆಲ್ಲಗೆ ಸಡಿಲವಾದವು.