ಎರಡೂವರೆ ಅಡಿ ಕೆಳಗಿನ ಗಟ್ಟಿ ನೆಲ

ಗುಡ್ಡದಪಾಳ್ಯದ ಹೆಂಗಸರಿಗೆ ಬೆಳಕು ಹರಿಯುವುದೆಂದರೆ ಹೆದರಿಕೆ. ಅಷ್ಟರೊಳಗೆ ಎದ್ದು, ಚೊಂಬು ಹಿಡಿದು, ಕಾಡಿನ ಅಂಚಿಗೆ ಹೋಗಿ ಬಂದುಬಿಡಬೇಕು. ತಡವಾದರೆ ಕತ್ತಲಾಗುವವರೆಗೂ ಹೊಟ್ಟೆ ಹಿಡಿದುಕೊಂಡೇ ಇರಬೇಕು. ಚಂದಾಪುರದ ಬಾಡಿಗೆ ಮನೆ ಬಿಟ್ಟು ಇಲ್ಲಿ ಸ್ವಂತ ಮನೆಗೆ ಬಂದ ಮೇಲೆ ಸೀತಾಗೂ ಅದೇ ಪಾಡಾಯಿತು. ಮಳೆಗಾಲದಲ್ಲಿ ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು. ಐದು ವರ್ಷದ ಮಗಳು ಪ್ರಭಾಳ ಕೈಯನ್ನು ಬಿಗಿಯಾಗಿ ಹಿಡಿದು, ಹಾವಿದೆಯೇ, ಯಾರಾದರೂ ಬರುತ್ತಿದ್ದಾರೆಯೇ ಎಂದು ನಾಲ್ಕೂ ಕಡೆ ನೋಡುತ್ತಲೇ ಅವಳು ಹೋಗಿಬರುತ್ತಿದ್ದಳು.

"ಗೇಟು, ಬಣ್ಣ ಎಲ್ಲ ಆಮೇಲಾಗ್ಲಿ ರೀ. ಮೊದ್ಲು ಒಂದು ಕಕ್ಕಸು ಕಟ್ಸಿ" ಎಂದು ಗಂಡನಿಗೆ ಒಂದು ವರ್ಷದಿಂದ ಹೇಳುತ್ತಿದ್ದಳು.

ಗಂಡ ಉಪೇಂದ್ರ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಷನ್ ವಿಭಾಗದವನು. ಯಂತ್ರದಿಂದ ಬಂದ ಪ್ರತಿಯೊಂದು ಬಿಡಿಭಾಗವನ್ನೂ ಅಳೆಯುವುದು, ಸರಿಯಿದ್ದರೆ ಪಾಸ್ ಮಾಡುವುದು, ಇಲ್ಲದಿದ್ದರೆ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆದು ಬದಿಗಿಡುವುದು ಅವನ ಕೆಲಸ. ಮನೆಯಲ್ಲೂ ಅದೇ ಅಭ್ಯಾಸ. ಬೇಳೆ ಡಬ್ಬಿಯ ಮುಚ್ಚಳ ಸಡಿಲವಾದರೆ "ಇದು ರಿಜೆಕ್ಟ್" ಎನ್ನುವವನು.

ಎಂಬತ್ತಮೂರನೇ ಇಸವಿಯ ಮಳೆಗಾಲದಲ್ಲಿ ಕೊನೆಗೂ ಅವನು ಮನಸ್ಸು ಮಾಡಿದ. ಒಂದು ಭಾನುವಾರ ತಾನೇ ಹಾರೆ ಹಿಡಿದು ಮನೆಯ ಹಿಂದೆ ಗುಂಡಿ ತೋಡತೊಡಗಿದ.

ಮೇಲಿನ ಅರ್ಧ ಅಡಿ ಕಪ್ಪು ಮಣ್ಣು. ಕೊಳೆತ ಎಲೆಯ ವಾಸನೆ, ಹಿಡಿದರೆ ಕೈಯಲ್ಲಿ ಅವಲಕ್ಕಿಯಷ್ಟು ಹಗುರ. ಅದರ ಕೆಳಗೆ ಎರಡು ಅಡಿ ಕಂದು ಮಣ್ಣು, ಅದರ ತುಂಬ ಬೇರಿನ ಬಲೆ. ಅಲ್ಲಿಯವರೆಗೆ ಹಾರೆ ಸಲೀಸಾಗಿ ಇಳಿಯಿತು. ಎರಡೂವರೆ ಅಡಿಗೆ ಬಂದಾಗ ಠಣ್ ಎಂದಿತು.

ಬಂಡೆಯಲ್ಲ, ಮಣ್ಣೇ. ಆದರೆ ಇಟ್ಟಿಗೆಯಷ್ಟು ಗಟ್ಟಿ. ಬೂದು ಬಣ್ಣ, ಅಲ್ಲಲ್ಲಿ ತುಕ್ಕು ಹಿಡಿದಂಥ ಕೆಂಪು ಚುಕ್ಕೆ. ಅಷ್ಟೊಂದು ಬೇರುಗಳಲ್ಲಿ ಒಂದೂ ಅದರೊಳಗೆ ಇಳಿದಿರಲಿಲ್ಲ. ಎಲ್ಲವೂ ಅದನ್ನು ಮುಟ್ಟಿ ಅಡ್ಡಕ್ಕೆ ತಿರುಗಿದ್ದವು.

ಉಪೇಂದ್ರನ ಮುಖ ಅರಳಿತು. "ನೋಡಿದ್ಯಾ ಸೀತಾ, ದೇವರೇ ಕೆಳಗೆ ಸಿಮೆಂಟ್ ಹಾಕಿಟ್ಟಿದಾನೆ. ಕೊಳಚೆ ಒಂದು ತೊಟ್ಟೂ ಕೆಳಗಿಳಿಯಲ್ಲ. ಬಾವಿಗೇನೂ ಭಯ ಇಲ್ಲ."

ಅವನು ಹೇಳಿದ ಬಾವಿ ಇದ್ದದ್ದು ಮನೆಯಿಂದ ಕೆಳಕ್ಕೆ, ಇಳಿಜಾರಿನ ಬುಡದಲ್ಲಿ. ಅದನ್ನು ಊಟೆ ಬಾವಿ ಎನ್ನುತ್ತಿದ್ದರು. ಆಳು ನಿಂತರೆ ಮುಳುಗುವಷ್ಟೇ ಆಳ. ಗುಡ್ಡದ ಕಡೆಯ ಕಲ್ಲಿನ ಸಂದಿಯಿಂದ ಕಿರುಬೆರಳು ಗಾತ್ರದ ನೀರು ಹಗಲೂ ರಾತ್ರಿಯೂ ಒಳಗೆ ಬೀಳುತ್ತಿತ್ತು. ಊರಿನ ಇಪ್ಪತ್ತೆರಡು ಮನೆಯವರು ಕುಡಿಯುತ್ತಿದ್ದದ್ದು ಅದೇ ನೀರು.

ಪಕ್ಕದ ಮನೆಯ ಭದ್ರಮ್ಮ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಇವರಿಗೆ ಈ ನಿವೇಶನ ಮಾರಿದ ನರಸಪ್ಪನ ತಾಯಿ. ಎಪ್ಪತ್ತು ದಾಟಿದ ಮುದುಕಿ.

"ಉಪೇಂದ್ರಪ್ಪ, ಅಲ್ಲಿ ಬ್ಯಾಡ ಕಣಪ್ಪ. ಕೊಳಕೆಲ್ಲ ಊಟೆಗೆ ಬತ್ತದೆ."

"ಬಾವಿ ಎಷ್ಟು ದೂರ ಇದೆ ಗೊತ್ತಾ ಅಜ್ಜಿ?"

"ನಾನೇನು ಟೇಪು ಇಡ್ಕಂಡು ಓಡಾಡ್ತೀನಾ?"

"ನಾನು ಹಿಡ್ದು ನೋಡಿದೀನಿ. ಅರವತ್ತು ಅಡಿ. ಕಕ್ಕಸು ಕಟ್ಟೋ ಪುಸ್ತಕದಲ್ಲಿ ಐವತ್ತು ಸಾಕು ಅಂತ ಇದೆ. ನಿಮ್ಮ ಸಮಾಧಾನಕ್ಕೆ ಹತ್ತು ಅಡಿ ಜಾಸ್ತಿನೇ ಬಿಟ್ಟಿದೀನಿ."

"ಪುಸ್ತಕ ಬರ್ದೋನು ನಮ್ ಗುಡ್ಡ ಅತ್ತಿದ್ನಾ?" ಎಂದಳು ಭದ್ರಮ್ಮ.

ಉಪೇಂದ್ರ ನಕ್ಕು, ಗಟ್ಟಿ ನೆಲವನ್ನು ಇನ್ನೂ ಒಂದೂವರೆ ಅಡಿ ಒಡೆದು, ಉಳಿದ ಕೆಲಸವನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡ.

ಅಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ನೋಡಿದರೆ ಗುಂಡಿ ತುಂಬಿತ್ತು. ಸೀತಾ ಒಂದು ಕೋಲು ತಂದು ಗುಂಡಿಯಲ್ಲಿ ಊರಿ, ನೀರಿನ ಮಟ್ಟಕ್ಕೆ ಗುರುತು ಹಾಕಿದಳು. ಹಾಲಿಟ್ಟರೆ ಉಕ್ಕೀತೆಂದು ಒಲೆಯ ಮುಂದೆಯೇ ನಿಲ್ಲುವ ಸ್ವಭಾವ ಅವಳದು. ಹೊತ್ತಿಗೊಮ್ಮೆ ಹೋಗಿ ನೋಡಿದಳು. ಸೋಮವಾರ ಸಂಜೆಗೆ ನೀರು ಒಂದು ಗೇಣು ಇಳಿಯಿತು. ಮಂಗಳವಾರ ಗಟ್ಟಿ ನೆಲ ಶುರುವಾಗುವಲ್ಲಿಗೆ ಬಂತು. ಬುಧವಾರ, ಗುರುವಾರ ಒಂದು ಬೆರಳೂ ಇಳಿಯಲಿಲ್ಲ.

"ರೀ, ನೀರು ಕೆಳಗೆ ಇಳಿಯೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ. ತಳದಲ್ಲಿರೋ ನೀರು ಹಾಗೇ ನಿಂತಿದೆ, ನಿಜ. ಮೇಲಿದ್ದ ಎರಡೂವರೆ ಅಡಿ ನೀರು ಎಲ್ಲಿಗೆ ಹೋಯ್ತು?"

"ಬಿಸಿಲಿಗೆ ಆರಿರುತ್ತೆ."

"ಭಾನುವಾರದಿಂದ ಬಿಸಿಲೇ ಬಂದಿಲ್ಲ."

"ಕಕ್ಕಸು ಬೇಕು ಅಂತ ವರ್ಷದಿಂದ ಪ್ರಾಣ ತಿಂದೋಳು ನೀನೇ ಅಲ್ವೇನೇ? ಈಗ ತೋಡಿದ್ರೆ ಗುಂಡಿಗೆ ಕಾವಲು ಕೂತಿದೀಯ."

ಅವನು ಹೇಳಿದ್ದು ಸುಳ್ಳಲ್ಲ. ಆ ಕಕ್ಕಸು ಸೀತಾಗೇ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಆದರೆ ಪ್ರಭಾ ಲೋಟ ಎತ್ತಿ ಗಟಗಟ ನೀರು ಕುಡಿಯುವುದನ್ನು ನೋಡಿದಾಗಲೆಲ್ಲ ಆ ಎರಡೂವರೆ ಅಡಿ ನೀರು ನೆನಪಾಗುತ್ತಿತ್ತು.

ಶುಕ್ರವಾರ ಭದ್ರಮ್ಮ ಅವಳನ್ನು ಗುಡ್ಡಕ್ಕೆ ಕರೆದೊಯ್ದಳು. ಬೇಸಿಗೆಯ ಗಾಳಿಗೆ ಉರುಳಿದ ದೊಡ್ಡ ಜಾಲಾರಿ ಮರವೊಂದು ಅಲ್ಲಿ ಮಲಗಿತ್ತು. ಬುಡ ನೋಡಿ ಸೀತಾಗೆ ಆಶ್ಚರ್ಯವಾಯಿತು. ಅಷ್ಟೆತ್ತರದ ಮರಕ್ಕೆ ಆಳಕ್ಕೆ ಹೋದ ಬೇರೇ ಇಲ್ಲ. ಇಡೀ ಬೇರು ಮೊರದ ಹಾಗೆ ಚಪ್ಪಟೆಯಾಗಿ ಹರಡಿತ್ತು. ಅದು ಎದ್ದ ಜಾಗದಲ್ಲಿ ಅದೇ ಬೂದು ನೆಲ. ಅದರ ಮೇಲೆ ತೆಳ್ಳಗೆ ನೀರು ಇಳಿಜಾರಿನ ಕಡೆಗೆ ಜಾರುತ್ತಿತ್ತು.

"ಮಳೆ ಬಿದ್ರೆ ಮೊದ್ಲು ತರಗೆಲೆ ಕುಡೀತದೆ. ಮಿಕ್ಕಿದ್ದು ಮಣ್ಣು ಕುಡೀತದೆ. ಈ ಗಟ್ಟಿ ನೆಲ ಸಿಕ್ಕಿದ್ ಮ್ಯಾಲೆ ಕೆಳಕ್ಕೋಗಕ್ಕೆ ದಾರಿ ಇಲ್ಲ. ಅದರ್ ಮ್ಯಾಲೇ ಮೆತ್ಗೆ ಜಾರ್ಕಂಡು ಊಟೆಗೆ ಬತ್ತದೆ" ಎಂದಳು ಭದ್ರಮ್ಮ. "ಈ ಮಳೆಗಾಲದ ನೀರ್ನ ನಾವು ಬ್ಯಾಸ್ಗೇಲಿ ಕುಡೀತೀವಿ ಕಣವ್ವ. ನಾನು ಮದ್ವೆಯಾಗಿ ಬಂದಾಗ್ಲಿಂದ ಊಟೆ ಒಂದಿನಾನೂ ನಿಂತಿಲ್ಲ."

ಸೀತಾ ಬಗ್ಗಿ ಆ ನೆಲವನ್ನು ಮುಟ್ಟಿದಳು. ಯಾವ ಮೇಸ್ತ್ರಿಯೂ ಕಟ್ಟಿದ್ದಲ್ಲ. ಕಾಡು ಮೇಲಿನಿಂದ ನೀರನ್ನು ಸೋಸಿ ಕೊಡುತ್ತದೆ, ಈ ನೆಲ ಅದನ್ನು ಅಂಗೈಯಲ್ಲಿ ಹಿಡಿದು, ಆತುರವಿಲ್ಲದೆ, ಇಪ್ಪತ್ತೆರಡು ಮನೆಗೆ ಹಂಚುತ್ತದೆ. ಒಂದು ವರ್ಷ ಅದರ ಮೇಲೆಯೇ ಓಡಾಡಿದರೂ ತನಗೆ ಇದು ಗೊತ್ತಿರಲಿಲ್ಲವಲ್ಲ ಎಂದುಕೊಂಡಳು. ಬೇರಿನ ಸಂದಿಯಲ್ಲಿ ಒಣಗಿ ನಿಂತಿದ್ದ ಅದೇ ಬೂದು ಮಣ್ಣಿನ ಒಂದು ಹೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಸಂಜೆ ಉಪೇಂದ್ರ ಕಾಫಿ ಕುಡಿಯುವಾಗ ಅದನ್ನು ನೀರಿನ ಚೊಂಬಿಗೆ ಹಾಕಿದಳು. ಹೆಂಟೆ ಗುಳುಗುಳು ಗುಳ್ಳೆ ಬಿಟ್ಟಿತು. ಕಾಫಿ ಮುಗಿಯುವಷ್ಟರಲ್ಲಿ ಬರೀ ರಾಡಿ.

"ಇದೇನಾ ನಿಮ್ಮ ಸಿಮೆಂಟು?"

ಅವನು ಚೊಂಬಿನೊಳಗೆ ಬಗ್ಗಿ ನೋಡಿದ. "ಇಷ್ಟು ಬೇಗ ಕರಗೋದಾದ್ರೆ ಗುಂಡಿ ತಳದಲ್ಲೂ ನೀರು ಇಳೀಬೇಕಿತ್ತಲ್ಲ?"

ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಭದ್ರಮ್ಮ ಅಲ್ಲಿಂದಲೇ ಹೇಳಿದಳು. "ನಿಮ್ ಫ್ಯಾಕ್ಟ್ರಿ ಬಸ್ನಾಗೆ ಜನ ತುಂಬ್ದಾಗ ನಡುವೆ ಸಿಕ್ಕಂಡೋನು ಅಲ್ಲಾಡ್ತಾನೇನಪ್ಪ? ಅವ್ನ ಸಂದೀಲಿ ಇನ್ನೊಬ್ಬ ನುಗ್ತಾನಾ? ಅದೇ ಜನ ಕೆಳೀಕ್ ಇಳಿದ್ರೆ ಚದ್ರೋಯ್ತಾರೆ. ಮಣ್ಣೂ ಅಂಗೇಯ."

ಬೆಳಿಗ್ಗೆಯಷ್ಟೇ ಆ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿದ್ದ ಉಪೇಂದ್ರನಿಗೆ ಮಾತು ನಾಟಿತು. ಆದರೂ ಒಪ್ಪಲಿಲ್ಲ. "ಅರವತ್ತು ಅಡಿ ಅಂದ್ರೆ ಕಡಿಮೆ ಅಲ್ಲ ಕಣೇ. ಅಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ಏನು ಆಧಾರ?"

"ಅಳೆಯದೆ ನೀವು ಒಂದು ಮೊಳೆನೂ ಪಾಸ್ ಮಾಡಲ್ಲ. ಇದನ್ನೂ ಅಳೆದು ನೋಡೋಣ" ಎಂದಳು ಸೀತಾ.

ಊರಿನವರಿಗೆಲ್ಲ ಮೊದಲೇ ಹೇಳಿ, ಭಾನುವಾರ ಗುಂಡಿಯನ್ನು ಅಂಚಿನವರೆಗೆ ನೀರಿನಿಂದ ತುಂಬಿಸಿ ಹತ್ತು ಸೇರು ಕಲ್ಲುಪ್ಪು ಕರಗಿಸಿದರು. ಅದಕ್ಕೂ ಮುಂಚೆ ಸೀತಾ ಊಟೆಯಿಂದ ಒಂದು ಬಿಂದಿಗೆ ನೀರು ಹಿಡಿದು ಮುಚ್ಚಿಟ್ಟಿದ್ದಳು. ನೀರು ಇಳಿದಂತೆಲ್ಲ ಮತ್ತೆ ತುಂಬಿಸಿದಳು. ದಿನಕ್ಕೆರಡು ಸಲ ಊಟೆಯ ಕಲ್ಲುಸಂದಿಗೆ ಕೈಯೊಡ್ಡಿ ರುಚಿ ನೋಡಿದಳು. ಏನೂ ಇಲ್ಲದಿರಲಿ ಎಂದೇ ಅವಳ ಮನಸ್ಸು ಬೇಡುತ್ತಿತ್ತು. ಏನೂ ಇಲ್ಲದಿದ್ದರೆ ಕಕ್ಕಸು ಎದ್ದು ನಿಲ್ಲುತ್ತಿತ್ತು.

ಬುಧವಾರ ಸಂಜೆ ಉಪೇಂದ್ರ ಮನೆಗೆ ಬಂದಾಗ ಅವಳು ಮೂರು ಲೋಟ ನೀರು ಮುಂದಿಟ್ಟಳು. ಯಾವುದು ಎಲ್ಲಿಯದೆಂದು ಹೇಳಲಿಲ್ಲ.

ಮೊದಲನೆಯದನ್ನು ಕುಡಿದ. "ಸರಿಯಾಗಿದೆ." ಎರಡನೆಯದೂ ಸರಿ. ಮೂರನೆಯದನ್ನು ಬಾಯಿಗಿಟ್ಟವನು ನಿಂತ. ಇನ್ನೊಂದು ಗುಟುಕು ಕುಡಿದ. ಲೋಟ ಕೆಳಗಿಟ್ಟು ಇಳಿಜಾರು ಇಳಿದು ಊಟೆಗೆ ಹೋದ. ಅಲ್ಲಿ ಹೆಂಗಸರು ಬಿಂದಿಗೆ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಕಲ್ಲುಸಂದಿಗೆ ಬೊಗಸೆ ಒಡ್ಡಿ ನೀರು ಹಿಡಿದು ನಾಲಗೆಗೆ ಮುಟ್ಟಿಸಿದ. ಉಪ್ಪು. ಸ್ವಲ್ಪವೇ, ಆದರೆ ಉಪ್ಪು. ಮೊದಲೆರಡು ಲೋಟ ಸೀತಾ ಮುಚ್ಚಿಟ್ಟಿದ್ದ ಬಿಂದಿಗೆಯವು, ಮೂರನೆಯದು ಇಲ್ಲಿಯದು.

ಅವನು ಅಲ್ಲಿಂದ ತಲೆಯೆತ್ತಿ ಮೇಲೆ ತನ್ನ ಗುಂಡಿಯ ಕಡೆ ನೋಡಿದ. ಈಗ ಬಂದದ್ದು ಉಪ್ಪು. ಕಕ್ಕಸು ಕಟ್ಟಿದ ಮೇಲೆ ಇದೇ ದಾರಿಯಲ್ಲಿ, ಇದೇ ಮೂರು ದಿನಕ್ಕೆ, ಏನು ಬರುತ್ತಿತ್ತೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಅದಕ್ಕೆ ರುಚಿಯೂ ಇರುತ್ತಿರಲಿಲ್ಲ, ಗುರುತೂ ಸಿಗುತ್ತಿರಲಿಲ್ಲ.

ಮನೆಗೆ ಬಂದು ಊಟದ ಚೀಲದಿಂದ ಕೆಂಪು ಸೀಮೆಸುಣ್ಣ ತೆಗೆದ. ಗುಂಡಿ ಕಟ್ಟಲು ತಂದಿದ್ದ ಕಲ್ಲಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ.

"ರಿಜೆಕ್ಟ್" ಎಂದ. ಆಮೇಲೆ ಮೆಲ್ಲಗೆ, "ಅಜ್ಜಿಗೆ ಹೇಳು" ಎಂದ.

ಅಜ್ಜಿ ಬೇಲಿಯಾಚೆಯೇ ಇದ್ದಳು. "ನಮ್ ರಾಗಿ ಹೊಲದ ಕೆಳಗಿನ ಮೂಲೆ ತಗೊಳ್ಳಪ್ಪ. ಊಟೆಗಿಂತ ತಗ್ಗು. ಅದರ್ ಕೆಳೀಕೆ ಯಾರ್ ಬಾವೀನೂ ಇಲ್ಲ. ನರಸಪ್ಪನಿಗೆ ನಾನು ಹೇಳ್ತೀನಿ."

ಈ ಸಲ ಉಪೇಂದ್ರ ಮೊದಲು ಪರೀಕ್ಷೆ ಮಾಡಿದ. ಆ ಮೂಲೆಯಲ್ಲಿ ಆರಡಿ ಅಗೆದರೂ ಕೆಂಪು ಮಣ್ಣೇ, ಹಾರೆ ಎಲ್ಲೂ ಠಣ್ ಎನ್ನಲಿಲ್ಲ. ಬೆಳಿಗ್ಗೆ ಸುರಿದ ನೀರು ಸಂಜೆಗೆ ಇಂಗಿತ್ತು. ಹಳೆಯ ಗುಂಡಿಯನ್ನು ಸೀತಾ ಎದುರಿಗೆ ನಿಂತು ಮುಚ್ಚಿಸಿದಳು. ಕೆಳಗೆ ಬೂದು ಮಣ್ಣು ಹಾಕಿ ಬಡಿದು ದಮ್ಮಸು ಮಾಡಿ, ಆಮೇಲೆ ಕಂದು, ಮೇಲೆ ಕಪ್ಪು, ಅದರ ಮೇಲೆ ತರಗೆಲೆ. ಗುಡ್ಡ ಇಟ್ಟುಕೊಂಡಿದ್ದ ಕ್ರಮದಲ್ಲೇ. ಮೂರು ಮಳೆ ಬಿದ್ದ ಮೇಲೆ ಊಟೆಯ ನೀರು ಮೊದಲಿನ ರುಚಿಗೆ ಬಂತು.

ದೀಪಾವಳಿಗೆ ಕಕ್ಕಸು ಸಿದ್ಧವಾಯಿತು. "ಎಂಬತ್ತು ಹೆಜ್ಜೆ ನಡೀಬೇಕಲ್ಲ" ಎಂದು ಉಪೇಂದ್ರ ಗೊಣಗಿದ.

"ಕಾಡಿಗೆ ಎಷ್ಟು ಎಜ್ಜೆ ಅಂತ ನಿನ್ ಎಂಡ್ತೀನ ಒಂದಿನಾನಾದ್ರೂ ಕೇಳಿದ್ಯಾ?" ಎಂದಳು ಭದ್ರಮ್ಮ.

ಸಂಕ್ರಾಂತಿಯ ಹೊತ್ತಿಗೆ ನರಸಪ್ಪನ ಮನೆಯವರೂ ಅದೇ ಸಾಲಿನಲ್ಲಿ ಗುಂಡಿ ತೋಡಿದರು, ಮೊದಲು ನೀರು ಸುರಿದು ನೋಡಿ.

ಅಕ್ಕಂದಿರೇ, ಅಣ್ಣಂದಿರೇ, ಮನೆಗೊಂದು ಕಕ್ಕಸು ಖಂಡಿತ ಬೇಕು. ಹೆಂಗಸರನ್ನು ಇನ್ನು ಕಾಯಿಸಬೇಡಿ. ಆದರೆ ಹಾರೆ ಎತ್ತುವ ಮೊದಲು ನಿಮ್ಮ ನೆಲವನ್ನು ಒಮ್ಮೆ ಕೇಳಿ. ಗುಂಡಿಯಲ್ಲಿ ನೀರು ಸುರಿದು ಒಂದು ದಿನ ಕಾದು ನೋಡಿ. ಇಂಗದೆ ನಿಂತರೆ, ಅಥವಾ ಕೆಳಗೆ ಗಟ್ಟಿ ನೆಲ ಸಿಕ್ಕರೆ, ಅಲ್ಲಿ ಕಟ್ಟಬೇಡಿ. ಇಳಿಜಾರಿನಲ್ಲಿ ಅಡಿ ಲೆಕ್ಕವೊಂದನ್ನೇ ನಂಬಬೇಡಿ. ಎಷ್ಟೇ ದೂರವಿರಲಿ, ಕುಡಿಯುವ ನೀರಿಗಿಂತ ಮೇಲೆ ಕೊಳಚೆ ಗುಂಡಿ ಬೇಡ. ಗುಡ್ಡದ ಮೇಲಿನ ಮರವನ್ನೂ ತರಗೆಲೆಯನ್ನೂ ಉಳಿಸಿಕೊಳ್ಳಿ, ನಿಮ್ಮ ಬೇಸಿಗೆಯ ನೀರು ಇರುವುದು ಅಲ್ಲೇ.

ನಿಮ್ಮ ಊರಿನ ಬಾವಿಯ ಮೇಲ್ಗಡೆ ಏನಿದೆ? ಇವತ್ತು ಸಂಜೆ ನೀರಿಗೆ ಹೋದಾಗ ಬಿಂದಿಗೆ ಕೆಳಗಿಟ್ಟು, ಒಂದು ಸಲ ತಲೆಯೆತ್ತಿ ನೋಡಿ ಬನ್ನಿ.